ಮುಟ್ಟಿನ ಕಪ್, ಬಟ್ಟೆ ಪ್ಯಾಡ್: ಕೋಲಾರದ ಕಡೆ ಹೆಣ್ಣುಮಕ್ಕಳು ಪದೇ ಪದೇ ಕೇಳುವ ಪ್ರಶ್ನೆಗಳು

ಬಂಗಾರಪೇಟೆಯಿಂದ ಬೆಂಗಳೂರಿಗೆ ಹೋಗುವ ಬೆಳಗಿನ ರೈಲಿನಲ್ಲಿ, ಲೇಡೀಸ್ ಬೋಗಿಯಲ್ಲಿ ಈ ಮಾತು ಶುರುವಾಯಿತು. ಮುಟ್ಟಿನ ದಿನಗಳಲ್ಲಿ ಪ್ಯಾಡ್ ಬದಲು ನಾನು ಕಪ್, ಅಂದರೆ ರಕ್ತ ಹಿಡಿಯಲು ಒಳಗೆ ಇಟ್ಟುಕೊಳ್ಳುವ ಮೆತ್ತನೆ ಬಟ್ಟಲು, ಬಳಸುತ್ತೇನೆ ಅಂತ ಒಬ್ಬರಿಗೆ ಹೇಳಿದೆ. ಮಾರನೇ ದಿನ ನಾಲ್ಕು ಜನ ಪಕ್ಕ ಬಂದು ಕೂತರು. ಆಮೇಲೆ ಮದುವೆ ಮನೆಗಳಲ್ಲಿ, ಅಂಗನವಾಡಿ ಹತ್ತಿರ, ಫೋನಿನಲ್ಲಿ ಅವೇ ಪ್ರಶ್ನೆಗಳು. ಕೇಳುವವರು ದನಿ ತಗ್ಗಿಸಿ ಕೇಳುತ್ತಾರೆ, ಅರ್ಧ ಕೇಳಿ ನಿಲ್ಲಿಸುತ್ತಾರೆ. ಅದಕ್ಕೇ ಎಲ್ಲ ಒಂದೇ ಕಡೆ ಬರೆದಿಟ್ಟಿದ್ದೇನೆ. ಆರು ವರ್ಷದಿಂದ ನಾನು ಕಪ್ ಮತ್ತು ಒಗೆದು ಮತ್ತೆ ಬಳಸುವ ಬಟ್ಟೆ ಪ್ಯಾಡ್ ಎರಡನ್ನೂ ಬಳಸುತ್ತಿದ್ದೇನೆ. ಡಾಕ್ಟರ್ ಅಲ್ಲ. ಡಾಕ್ಟರ್ ಹತ್ತಿರ ಹೋಗಬೇಕಾದ ವಿಷಯ ಯಾವುದು ಅಂತ ಆಯಾ ಜಾಗದಲ್ಲೇ ಹೇಳಿದ್ದೇನೆ.

ಪ್ಯಾಡ್ ಚೆನ್ನಾಗೇ ಇದೆಯಲ್ಲ ಅಕ್ಕ, ಯಾಕೆ ಬದಲಾಯಿಸಬೇಕು?

ಪ್ಯಾಡ್ ಕೆಟ್ಟದ್ದು ಅಂತ ನಾನು ಹೇಳಲ್ಲ. ನಮ್ಮ ಅಮ್ಮಂದಿರ ಕಾಲಕ್ಕೆ ಅದು ದೊಡ್ಡ ಬಿಡುಗಡೆ. ತೊಂದರೆ ಶುರುವಾಗುವುದು ಅದನ್ನು ತೆಗೆದ ಮೇಲೆ. ಅಂಗಡಿಯಲ್ಲಿ ಸಿಗುವ ಸಾಮಾನ್ಯ ಪ್ಯಾಡಿನ ಮೇಲ್ಪದರ ಪ್ಲಾಸ್ಟಿಕ್ಕಿನದು, ಕೆಳಗೆ ಸೋರದ ಹಾಗೆ ಪ್ಲಾಸ್ಟಿಕ್ ಹಾಳೆ, ಮಧ್ಯದಲ್ಲಿ ಮರದ ತಿರುಳಿನ ಹತ್ತಿಯಂಥದ್ದು, ಜೊತೆಗೆ ನೀರು ಹೀರಿ ಉಬ್ಬುವ ಪುಡಿ. ಮಣ್ಣಲ್ಲಿ ಹೂತರೆ ನೂರಾರು ವರ್ಷ ಹಾಗೇ ಇರುತ್ತದೆ. ಸುಮ್ನೆ ಹಿತ್ತಲಲ್ಲಿ ಬೆಂಕಿ ಹಾಕಿದರೆ ಡಯಾಕ್ಸಿನ್ ಅನ್ನುವ ವಿಷ ಹೊಗೆಯಲ್ಲಿ ಸೇರುತ್ತದೆ. ಅದು ಹೋಗುವುದು ನಮ್ಮ ಮೂಗಿಗೇ.

ನನ್ನ ಮನಸ್ಸು ಬದಲಾಗಿದ್ದು ಇದನ್ನೆಲ್ಲ ಓದಿ ಅಲ್ಲ. ಒಂದು ಸಲ ನಮ್ಮ ಬೀದಿಯ ಮ್ಯಾನ್‌ಹೋಲ್ ಕಟ್ಟಿಕೊಂಡಿತು. ಎರಡು ದಿನ ಗಲೀಜು ನೀರು ರಸ್ತೆ ಮೇಲೆ. ಮೂರನೇ ದಿನ ಇಬ್ಬರು ಬಂದು ಮುಚ್ಚಳ ತೆಗೆದು ಉದ್ದದ ಬಿದಿರಿನ ಗಳ ಹಾಕಿ ತಿರುಗಿಸಿದರು. ಗಳದ ತುದಿಗೆ ಸುತ್ತಿಕೊಂಡು ಬಂದಿದ್ದು ಪ್ಯಾಡುಗಳು. ಒಂದೊಂದೂ ನೀರು ಕುಡಿದು ದಿಂಬಿನ ಹಾಗೆ ಉಬ್ಬಿದ್ದವು. ಒಬ್ಬರ ಕೈಯಲ್ಲಿ ಗ್ಲೌಸ್ ಇರಲಿಲ್ಲ. ಅವರು ಗಳದಿಂದ ಅವನ್ನು ಬಿಡಿಸಿ ರಸ್ತೆ ಪಕ್ಕ ಇಡುತ್ತಿದ್ದರು. ಬಾಗಿಲಲ್ಲಿ ನಿಂತಿದ್ದ ನಾವು ಹೆಂಗಸರೆಲ್ಲ ಒಳಗೆ ಹೋಗಿಬಿಟ್ಟೆವು. ಅದರಲ್ಲಿ ನನ್ನದೂ ಇರಬಹುದು ಅಂತ ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಟಾಯ್ಲೆಟ್ಟಿಗೆ ನಾನು ಯಾವತ್ತೂ ಹಾಕಿಲ್ಲ ನಿಜ, ಆದರೆ ಕಸದ ಜೊತೆ ಎಸೆದಿದ್ದನ್ನೂ ಯಾರೋ ಒಬ್ಬರು ಕೈಯಲ್ಲೇ ಬೇರೆ ಮಾಡಬೇಕು ಅಲ್ವಾ.

ನಿಜವಾಗಲೂ ಎಷ್ಟು ದುಡ್ಡು ಉಳಿಯುತ್ತದೆ?

ನಮ್ಮ ಮನೆ ಲೆಕ್ಕ ಹೇಳುತ್ತೇನೆ, ನಿಮ್ಮ ಮನೆಯದನ್ನು ನೀವು ಹಾಕಿಕೊಳ್ಳಿ. ತಿಂಗಳಿಗೆ ಒಬ್ಬರಿಗೆ ಹದಿನೈದು ಪ್ಯಾಡ್. ಒಂದಕ್ಕೆ 8 ರೂಪಾಯಿ ಅಂದರೆ 120. ವರ್ಷಕ್ಕೆ 1,440. ಮನೆಯಲ್ಲಿ ನಾನು, ನಾದಿನಿ, ಮಗಳು ಮೂರು ಜನ, ಅಲ್ಲಿಗೆ 4,320. ಒಂದು ಒಳ್ಳೆ ಕಪ್ಪಿಗೆ ನಾನು ಕೊಟ್ಟಿದ್ದು 400 ರೂಪಾಯಿ ಹತ್ತಿರ. ಒಳ್ಳೆ ಸಿಲಿಕೋನ್ ಕಪ್ ಐದರಿಂದ ಹತ್ತು ವರ್ಷ ಬರುತ್ತದೆ. ಐದೇ ವರ್ಷ ಅಂತ ಇಟ್ಟುಕೊಂಡರೂ ಒಬ್ಬರಿಗೆ 7,200 ಎಲ್ಲಿ, 400 ಎಲ್ಲಿ.

ಕೋಲಾರದ ಮಾರ್ಕೆಟ್ಟಿನಲ್ಲಿ ಟೊಮೇಟೊ ರೇಟ್ ಬಿದ್ದ ದಿನ ಹದಿನೈದು ಕೆಜಿ ಬಾಕ್ಸಿಗೆ ನೂರು ರೂಪಾಯಿ ಸಿಗದೆ ವಾಪಸ್ ಬಂದ ಮನೆ ನಮ್ಮದು. ಒಂದು ಬಾಕ್ಸ್ ಹಣ್ಣಿಗಿಂತ ಒಬ್ಬಳ ಒಂದು ತಿಂಗಳ ಪ್ಯಾಡಿಗೆ ಜಾಸ್ತಿ ಆಗುತ್ತಿತ್ತು. ಅಂಥ ತಿಂಗಳಲ್ಲಿ ಮೊದಲು ಕಡಿತ ಆಗುವುದು ಯಾವ ಖರ್ಚು ಅಂತ ನಿಮಗೂ ಗೊತ್ತು. ಒಂದೇ ಪ್ಯಾಡನ್ನು ಬೆಳಗಿನಿಂದ ಸಂಜೆವರೆಗೆ ಎಳೆಯುವುದು, ತೊಡೆ ಉಜ್ಜಿ ಗಾಯ ಆಗುವುದು, ಎಲ್ಲ ಅಲ್ಲಿಂದಲೇ.

ಬಟ್ಟೆ ಪ್ಯಾಡಿನಲ್ಲಿ ಉಳಿತಾಯ ಇಷ್ಟು ದೊಡ್ಡದಲ್ಲ. ಆರೇಳು ಪ್ಯಾಡ್ ಬೇಕು, ಮೊದಲಿಗೆ ಸಾವಿರ ರೂಪಾಯಿ ಮೇಲೆಯೇ ಆಗುತ್ತದೆ. ಚೆನ್ನಾಗಿ ನೋಡಿಕೊಂಡರೆ ಎರಡು ಮೂರು ವರ್ಷ ಬರುತ್ತವೆ. ಒಂದೇ ಸಲ ಕೊಳ್ಳಬೇಡಿ. ತಿಂಗಳಿಗೆ ಎರಡು ತಗೊಳ್ಳಿ, ಉಳಿದದ್ದಕ್ಕೆ ಹಳೇ ಪ್ಯಾಡೇ ಇರಲಿ.

ಜನೌಷಧಿಯಲ್ಲಿ ಒಂದು ರೂಪಾಯಿಗೇ ಪ್ಯಾಡ್ ಸಿಗುತ್ತದಲ್ಲ?

ಸಿಗುತ್ತದೆ. 2019ರಿಂದ ಜನೌಷಧಿ ಅಂಗಡಿಗಳಲ್ಲಿ ಸುವಿಧಾ ಪ್ಯಾಡ್ ಒಂದಕ್ಕೆ ಒಂದು ರೂಪಾಯಿ. ನಿಮ್ಮ ಊರ ಹತ್ತಿರ ಅಂಗಡಿ ಇದ್ದು, ಅಲ್ಲಿ ಸ್ಟಾಕ್ ಇದ್ದರೆ, ದುಡ್ಡಿಗೋಸ್ಕರ ಮಾತ್ರ ಕಪ್ಪಿಗೆ ಬನ್ನಿ ಅಂತ ನಾನು ಒತ್ತಾಯ ಮಾಡಲ್ಲ. ವರ್ಷಕ್ಕೆ ಇನ್ನೂರು ರೂಪಾಯಿಯೊಳಗೆ ಮುಗಿಯುತ್ತದೆ. ಆದರೆ ಕಸ ಅಷ್ಟೇ ಇರುತ್ತದೆ, ಎಸೆಯಲು ಜಾಗ ಹುಡುಕುವ ಪಾಡೂ ಅಷ್ಟೇ ಇರುತ್ತದೆ.

ನಮ್ಮಲ್ಲಿ ಕುಡಿಯೋಕೇ ನೀರಿಲ್ಲ. ತೊಳೆಯೋದಕ್ಕೆ ಎಲ್ಲಿಂದ ತರೋಣ?

ಇದು ನನಗೆ ಬರುವ ಪ್ರಶ್ನೆಗಳಲ್ಲಿ ಅತಿ ಮುಖ್ಯವಾದದ್ದು. ಬೆಂಗಳೂರಿನವರೋ ಮಂಗಳೂರಿನವರೋ ಕೊಡುವ ಸಲಹೆ ನಮಗೆ ಹೊಂದದೆ ಹೋಗುವುದು ಇಲ್ಲೇ. ಕೋಲಾರಕ್ಕೆ ವರ್ಷವಿಡೀ ಹರಿಯುವ ನದಿ ಇಲ್ಲ. ಬೋರ್‌ವೆಲ್ ಸಾವಿರ ಅಡಿ ದಾಟಿದೆ. 2018ರಿಂದ ಕೆ.ಸಿ. ವ್ಯಾಲಿ ನೀರು ಕೆರೆಗಳಿಗೆ ಬರುತ್ತಿದೆ, ಆದರೆ ಅದು ಬೆಂಗಳೂರಿನ ಕೊಳಚೆಯನ್ನು ಸಂಸ್ಕರಿಸಿದ ನೀರು, ಅಂತರ್ಜಲ ಏರಲಿ ಅಂತ ಬಿಟ್ಟಿದ್ದು. ಕೆರೆಯಿಂದ ತಂದು ಇದಕ್ಕೆ ಬಳಸಬೇಡಿ. ನಲ್ಲಿ ಬಾರದ ವಾರ ಮನೆಗೆ ಟ್ಯಾಂಕರೇ ಗತಿ.

ಹಾಗಾಗಿ ನಾನು ಅಳೆದು ನೋಡಿದೆ. ಕಪ್ ತೊಳೆಯಲು ಒಂದು ಸಲಕ್ಕೆ ಒಂದು ಚೊಂಬು ನೀರು ಸಾಕು. ಬೆಳಿಗ್ಗೆ ಒಂದು, ರಾತ್ರಿ ಒಂದು. ಇದರಲ್ಲಿ ಕೈ ತೊಳೆಯುವ ನೀರೂ ಸೇರಿದೆ. ತಿಂಗಳಿಗೆ ಎರಡು ಸಲ ಕುದಿಸಲು ಒಂದೊಂದು ಲೋಟ ಜಾಸ್ತಿ. ಬಟ್ಟೆ ಪ್ಯಾಡಿಗೆ ಒಂದಕ್ಕೆ ಅರ್ಧ ಬಕೆಟ್ ಆದರೂ ಬೇಕು. ದಿನಕ್ಕೆ ಮೂರು ಅಂದರೆ ಒಂದೂವರೆ ಬಕೆಟ್. ನೀರು ಕೊಳ್ಳುವ ಮನೆಯಾದರೆ, ನೀವು ಒಲ್ಲೆ ಅನ್ನದಿದ್ದರೆ, ಕಪ್ಪನ್ನೇ ನೋಡಿ. ನೀರಿದ್ದು ಬಿಸಿಲೂ ಇದ್ದು, ಒಳಗೆ ಹಾಕಿಕೊಳ್ಳುವ ಯೋಚನೆಯೇ ಬೇಡ ಅನಿಸಿದರೆ ಬಟ್ಟೆ ಪ್ಯಾಡ್. ನಾನು ಬೇಸಿಗೆಯಲ್ಲಿ ಪೂರ್ತಿ ಕಪ್, ಮಳೆ ಬಂದು ಸಂಪು ತುಂಬಿದಾಗ ರಾತ್ರಿ ಹೊತ್ತು ಬಟ್ಟೆ.

ಬಟ್ಟೆ ನೆನೆಸಿದ ಮೊದಲನೇ ನೀರನ್ನು, ಸೋಪು ಹಾಕುವ ಮುಂಚೆ, ದಾಸವಾಳದ ಬುಡಕ್ಕೆ ಸುರಿಯುತ್ತೇನೆ. ಮುಟ್ಟಾದವರು ಮುಟ್ಟಿದರೆ ಗಿಡ ಒಣಗುತ್ತದೆ ಅಂತ ನಮ್ಮಜ್ಜಿ ಹೇಳುತ್ತಿದ್ದರು. ಆ ದಾಸವಾಳ ಈಗ ಕಾಂಪೌಂಡ್ ಗೋಡೆಗಿಂತ ಎತ್ತರ ಇದೆ.

ಬಟ್ಟೆ ಅಂದರೆ ಹಳೇ ಸೀರೆ ತುಂಡು ತಾನೇ? ಮತ್ತೆ ಹಿಂದಕ್ಕೆ ಹೋಗೋದಾ?

ಬಟ್ಟೆಯನ್ನು ನಾವು ಪೂರ್ತಿ ಬಿಟ್ಟಿದ್ದು ಯಾವಾಗ? 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ದೇಶದಲ್ಲಿ 15ರಿಂದ 24 ವಯಸ್ಸಿನ ಹೆಣ್ಣುಮಕ್ಕಳಲ್ಲಿ ಸುಮಾರು ಅರ್ಧದಷ್ಟು ಜನ ಆಗಲೂ ಬಟ್ಟೆ ಬಳಸುತ್ತಿದ್ದರು. ಹಲವರು ಬಟ್ಟೆ, ಪ್ಯಾಡ್ ಎರಡನ್ನೂ ಬಳಸುವವರು. ಹೊರಗೆ ಹೋಗುವಾಗ ಪ್ಯಾಡ್, ಮನೆಯಲ್ಲಿ ಬಟ್ಟೆ, ಅಲ್ವಾ?

ಬಟ್ಟೆ ತಪ್ಪಲ್ಲ, ಅದನ್ನು ಬಚ್ಚಿಟ್ಟಿದ್ದು ತಪ್ಪು. ನಮ್ಮಮ್ಮ ತನ್ನ ಬಟ್ಟೆಯನ್ನು ಕೊಟ್ಟಿಗೆಯ ಮೂಲೆಯಲ್ಲಿ, ಹಗ್ಗದ ಮೇಲೆ, ಅದರ ಮೇಲೊಂದು ಹಳೇ ಲಂಗ ಹೊದಿಸಿ ಒಣಗಿಸುತ್ತಿದ್ದಳು. ಅಲ್ಲಿಗೆ ಬಿಸಿಲು ಬೀಳುತ್ತಲೇ ಇರಲಿಲ್ಲ. ಮಳೆಗಾಲದಲ್ಲಿ ಅರ್ಧ ಒಣಗಿದ್ದನ್ನೇ ಮತ್ತೆ ಇಟ್ಟುಕೊಳ್ಳುವುದು. ತುರಿಕೆ, ಉರಿ, ಬಿಳಿ ಹೋಗುವುದು, ಇವು ಬಂದಿದ್ದು ಆ ತೇವದಿಂದ. ಅಮ್ಮ ಅದನ್ನು ಹೆಣ್ಣಿನ ಹಣೆಬರಹ ಅಂದುಕೊಂಡಿದ್ದಳು.

ಈಗಿನ ಬಟ್ಟೆ ಪ್ಯಾಡ್ ಬೇರೆ ಥರ. ಹೀರುವ ಹತ್ತಿ ಬಟ್ಟೆಯ ನಾಲ್ಕೈದು ಪದರ, ಕೆಳಗೆ ಸೋರದ ಹಾಗೆ ತೆಳು ಪದರ, ಎರಡು ಕಡೆ ರೆಕ್ಕೆ, ಅದಕ್ಕೆ ಟಿಚ್ ಬಟನ್. ಜರುಗಲ್ಲ. ನಾಲ್ಕರಿಂದ ಆರು ಗಂಟೆಯೊಳಗೆ ಬದಲಾಯಿಸಬೇಕು. ಜಾಸ್ತಿ ಹೋಗುವ ದಿನ ಅದಕ್ಕೂ ಮುಂಚೆ.

ಒಗೆಯೋದು ಹೇಗೆ? ಕಲೆ ಹೋಗುತ್ತಾ? ಎಲ್ಲಿ ಒಣಗಿಸಲಿ?

ತಣ್ಣೀರು. ಬಿಸಿನೀರು ಹಾಕಿದರೆ ರಕ್ತ ಬಟ್ಟೆಯಲ್ಲಿ ಕೂತುಬಿಡುತ್ತದೆ, ಆಮೇಲೆ ಏನು ಉಜ್ಜಿದರೂ ಹೋಗಲ್ಲ. ತೆಗೆದ ತಕ್ಷಣ ಅರ್ಧ ಗಂಟೆ ತಣ್ಣೀರಲ್ಲಿ ನೆನೆಸಿ, ಹಿಂಡಿ, ಆಮೇಲೆ ಬಟ್ಟೆ ಸೋಪು. ರಾತ್ರಿಯೆಲ್ಲ ನೆನೆಸಿಟ್ಟರೆ ವಾಸನೆ ಬರುತ್ತದೆ. ಬಟ್ಟೆ ಮೆತ್ತಗಾಗಲಿ ಅಂತ ಹಾಕುವ ಕಂಫರ್ಟ್ ಥರದ್ದು ಹಾಕಬೇಡಿ, ಬಟ್ಟೆ ಹೀರುವುದನ್ನೇ ಬಿಡುತ್ತದೆ. ಸ್ವಲ್ಪ ಕಲೆ ಉಳಿದರೆ ಉಳಿಯಲಿ. ಕಲೆ ಇದ್ದ ಮಾತ್ರಕ್ಕೆ ಗಲೀಜು ಅಂತಲ್ಲ.

ಒಣಗಿಸುವುದು ಬಿಸಿಲಲ್ಲೇ. ಇದರಲ್ಲಿ ಮಾತ್ರ ರಾಜಿ ಬೇಡ. ನಮ್ಮ ಕಡೆ ನೀರಿಗೆ ಬರ ಇರಬಹುದು, ಬಿಸಿಲಿಗಂತೂ ಇಲ್ಲ. ನಾನು ಮಾಳಿಗೆ ಮೇಲಿನ ತಂತಿಗೆ ಮಗಳ ಯೂನಿಫಾರ್ಮ್ ಪಕ್ಕದಲ್ಲೇ ಹಾಕುತ್ತೇನೆ. ಮೊದಲ ಸಲ ಹಾಕಿದಾಗ ಎದುರು ಮನೆಯವರು ನೋಡುತ್ತಾರೆ ಅಂತ ಕೈ ನಡುಗಿತು ನಿಜ. ಎದುರು ಮನೆಯಾಕೆ ನೋಡಿದಳು, ಸಂಜೆ ಬಂದು "ಅಕ್ಕ, ಅದು ಎಲ್ಲಿ ತಗೊಂಡ್ರಿ?" ಅಂತ ಕೇಳಿದಳು. ಅಷ್ಟು ಧೈರ್ಯ ಇನ್ನೂ ಬಾರದಿದ್ದರೆ ತೆಳುವಾದ ಬಿಳಿ ಪಂಚೆ ಒಂದನ್ನು ಮೇಲೆ ಹಾಕಿ, ಬಿಸಿಲು ತಾಗಲಿ. ಲಂಗ, ಗೋಣಿಚೀಲ, ಟಾರ್ಪಾಲು ಬೇಡ. ಮಳೆಗಾಲದಲ್ಲಿ ಒಣಗದಿದ್ದರೆ ಇಸ್ತ್ರಿ ಹಾಕಬಹುದು. ಆದರೆ ಕೆಳಗಿನ ಸೋರದ ಪದರದ ಕಡೆ ಬೇಡ, ಕರಗುತ್ತದೆ.

ಕಪ್ ಅಂದರೆ ಏನು? ರಕ್ತ ಎಲ್ಲಿ ಹೋಗುತ್ತದೆ?

ಗಂಟೆಯ ಆಕಾರದ ಮೆತ್ತನೆ ಸಿಲಿಕೋನ್ ಬಟ್ಟಲು. ಹೀರುವುದಿಲ್ಲ, ಹಿಡಿದಿಡುತ್ತದೆ. ಯೋನಿಯ ಒಳಗೆ ಮಡಚಿ ಇಟ್ಟರೆ ಬಿಚ್ಚಿಕೊಂಡು ಗೋಡೆಗೆ ಅಂಟಿ ಕೂರುತ್ತದೆ, ರಕ್ತ ಅದರೊಳಗೆ ತುಂಬುತ್ತದೆ. ಸಾಮಾನ್ಯವಾಗಿ 20ರಿಂದ 30 ಮಿಲಿ ಹಿಡಿಯುತ್ತದೆ. ಒಂದು ಮುಟ್ಟಿನಲ್ಲಿ ಹೋಗುವ ರಕ್ತ ಬಹಳ ಜನಕ್ಕೆ 30-40 ಮಿಲಿ ಅಷ್ಟೇ. ಪ್ಯಾಡಿನ ಮೇಲೆ ಹರಡಿದಾಗ ಲೀಟರ್‌ಗಟ್ಟಲೆ ಅನಿಸುತ್ತದೆ! ಎಂಟು ಗಂಟೆ ಆರಾಮಾಗಿ ಇರುತ್ತದೆ, ಹನ್ನೆರಡು ಗಂಟೆ ದಾಟಿಸಬಾರದು.

ಹೊಸ ವಸ್ತು ಅಂತ ಭಯ ಬೇಡ. 1937ರಲ್ಲೇ ಅಮೆರಿಕದ ಲಿಯೋನಾ ಚಾಮರ್ಸ್ ಅನ್ನುವ ನಟಿ ಇದಕ್ಕೆ ಪೇಟೆಂಟ್ ತಗೊಂಡಿದ್ದರು. ಆಗಿನದು ರಬ್ಬರ್. ಕೇರಳದ ಆಲಪ್ಪುಳದಲ್ಲಿ 2019ರಲ್ಲಿ ಐದು ಸಾವಿರ ಕಪ್ ಹಂಚಿದರು. ಎರ್ನಾಕುಲಂ ಜಿಲ್ಲೆಯ ಕುಂಬಳಂಗಿ 2022ರಲ್ಲಿ ಪ್ಯಾಡ್ ಇಲ್ಲದ ಪಂಚಾಯ್ತಿ ಅಂತ ಘೋಷಣೆ ಆಯಿತು. ಅಲ್ಲಿನವರೂ ನಮ್ಮಂಥ ಹಳ್ಳಿ ಹೆಂಗಸರೇ.

ಹಾಕಿಕೊಳ್ಳೋದು ಹೇಗೆ? ನೋವಾಗಲ್ವಾ?

ಮೊದಲ ತಿಂಗಳು ಕಷ್ಟ. ಇದನ್ನು ಮುಚ್ಚಿಟ್ಟು ಹೇಳುವವರ ಮಾತು ನಂಬಬೇಡಿ. ನನಗೆ ಸರಿಯಾಗಿ ಕೂರಲು ಮೂರು ತಿಂಗಳು ಬೇಕಾಯಿತು. 2019ರಲ್ಲಿ ಲ್ಯಾನ್ಸೆಟ್ ಪಬ್ಲಿಕ್ ಹೆಲ್ತ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ 43 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದ ವರದಿ ಬಂತು. ಅದರಲ್ಲೂ ರೂಢಿಯಾಗಲು ಕೆಲವು ತಿಂಗಳು ಹಿಡಿಯುತ್ತದೆ ಅಂತಲೇ ಇದೆ. ಸೋರುವಿಕೆ ಪ್ಯಾಡಿನಷ್ಟೇ ಅಥವಾ ಅದಕ್ಕಿಂತ ಕಡಿಮೆ, ಬಳಸಿದವರಲ್ಲಿ ನೂರಕ್ಕೆ ಎಪ್ಪತ್ತರಷ್ಟು ಜನ ಮುಂದುವರಿಸಲು ಇಷ್ಟಪಟ್ಟರು ಅಂತಲೂ ಇದೆ.

ರಜಾ ದಿನ ಶುರು ಮಾಡಿ. ಬಾಗಿಲು ಬಡಿಯುವವರು ಇರಬಾರದು. ಕೈ ಸೋಪಿನಲ್ಲಿ ತೊಳೆದು, ಉಗುರು ಕತ್ತರಿಸಿ, ಕಪ್ಪನ್ನು ನೀರಲ್ಲಿ ಒದ್ದೆ ಮಾಡಿಕೊಳ್ಳಿ. ಬಾಯಿಯ ಒಂದು ಅಂಚನ್ನು ಬೆರಳಿನಿಂದ ಒಳಕ್ಕೆ ಒತ್ತಿದರೆ ತುದಿ ಹೂವಿನ ಮೊಗ್ಗಿನ ಹಾಗೆ ಸಣ್ಣಗಾಗುತ್ತದೆ. ಹೊಸಬರಿಗೆ ಆ ಮಡಿಕೆ ಸುಲಭ. ಒಗೆಯುವಾಗ ಕೂರುತ್ತೀರಲ್ಲ, ಹಾಗೆ ಕುಕ್ಕರಗಾಲಲ್ಲಿ ಕೂತು, ಉಸಿರು ಬಿಡುತ್ತಾ ಒಳಗೆ ತಳ್ಳಿ. ನೇರ ಮೇಲಕ್ಕೆ ಅಲ್ಲ, ಬೆನ್ನಿನ ತುದಿಮೂಳೆ ಕಡೆಗೆ. ನಾನು ಮೊದಲೆರಡು ಸಲ ಮೇಲಕ್ಕೇ ತಳ್ಳಿದ್ದೆ, ಅದಕ್ಕೇ ನೋವಾಗಿದ್ದು. ಒಳಗೆ ಬಿಟ್ಟ ಮೇಲೆ ಕಪ್ಪಿನ ಬುಡದ ಸುತ್ತ ಬೆರಳು ಆಡಿಸಿ ನೋಡಿ. ದುಂಡಗೆ ಸಿಕ್ಕರೆ ಬಿಚ್ಚಿಕೊಂಡಿದೆ. ಎಲ್ಲಾದರೂ ತಗ್ಗು ಸಿಕ್ಕರೆ ಇನ್ನೂ ಮಡಚಿಕೊಂಡಿದೆ, ಅಲ್ಲಿಂದಲೇ ಸೋರುತ್ತದೆ. ಬುಡ ಹಿಡಿದು ಸ್ವಲ್ಪ ತಿರುಗಿಸಿ.

ತೆಗೆಯುವಾಗ ಕಪ್ಪಿನ ಕೆಳತುದಿಯಲ್ಲಿರುವ ಬಾಲ ಹಿಡಿದು ಎಳೆಯಬೇಡಿ. ಕುಕ್ಕರಗಾಲಲ್ಲಿ ಕೂತು ಸ್ವಲ್ಪ ತಿಣುಕಿದರೆ ಕಪ್ ಕೆಳಗೆ ಬರುತ್ತದೆ. ಬುಡವನ್ನು ಎರಡು ಬೆರಳಲ್ಲಿ ಹಿಸುಕಿ, ಗಾಳಿ ಒಳಗೆ ಹೋಗಿ ಅಂಟು ಬಿಡುತ್ತದೆ. ಆಮೇಲೆ ನಿಧಾನಕ್ಕೆ ಆ ಕಡೆ ಈ ಕಡೆ ಅಲ್ಲಾಡಿಸಿ ತೆಗೆದು ಟಾಯ್ಲೆಟ್ಟಿಗೆ ಸುರಿಯಿರಿ. ಸರಿಯಾಗಿ ಕೂತರೆ ಕಪ್ ಇದೆ ಅನ್ನುವುದೇ ಗೊತ್ತಾಗಲ್ಲ. ಗೊತ್ತಾಗುತ್ತಿದ್ದರೆ ಬಾಲ ಉದ್ದ ಇರಬೇಕು, ಸ್ವಲ್ಪ ಕತ್ತರಿಸಬಹುದು. ಮೊದಲ ಎರಡು ತಿಂಗಳು ಒಂದು ಬಟ್ಟೆ ಪ್ಯಾಡ್ ಜೊತೆಗೆ ಇಟ್ಟುಕೊಳ್ಳಿ, ಭಯ ಇರಲ್ಲ. ಪ್ರತಿ ತಿಂಗಳೂ ನೋವಾಗುತ್ತಲೇ ಇದ್ದರೆ ಹಟ ಮಾಡದೆ ನಿಲ್ಲಿಸಿ ಡಾಕ್ಟರಿಗೆ ತೋರಿಸಿ.

ಒಳಗೆ ಕಳೆದುಹೋದರೆ?

ಹೋಗಲು ದಾರಿಯಿಲ್ಲ. ಮೇಲೆ ಗರ್ಭಕೋಶದ ಬಾಯಿ ಇದೆ, ಅದರ ತೂತು ಬಹಳ ಸಣ್ಣದು, ಕಪ್ ದಾಟಲ್ಲ. ಕೈಗೆ ಸಿಗದಿದ್ದರೆ ಗಾಬರಿಯಲ್ಲಿ ಮೈ ಬಿಗಿಯಾಗಿದೆ ಅಂತ ಅರ್ಥ. ಎದ್ದು ಓಡಾಡಿ, ಅರ್ಧ ಗಂಟೆ ಬಿಟ್ಟು ಮತ್ತೆ ನೋಡಿ. ಉಚ್ಚೆ ಹೋಗುವ ದಾರಿ ಬೇರೆ, ಕಪ್ ಇಟ್ಟುಕೊಂಡೇ ಹೋಗಬಹುದು.

ಮದುವೆ ಆಗದವರು ಹಾಕಿಕೊಳ್ಳಬಹುದಾ?

ಹಾಕಿಕೊಳ್ಳಬಹುದು. ಒಳಗಿನ ತೆಳುಪೊರೆ ಕೆಲವರಿಗೆ ಹಿಗ್ಗುತ್ತದೆ, ಕೆಲವರಿಗೆ ಹರಿಯಲೂಬಹುದು, ಕೆಲವರಿಗೆ ಹುಟ್ಟಿನಿಂದಲೇ ಇದ್ದೂ ಇಲ್ಲದಂತೆ. ಕನ್ಯತ್ವವನ್ನು ಅದರಿಂದ ಅಳೆಯಲು ಆಗುವುದೇ ಇಲ್ಲ. ಇದನ್ನು ಯಾವ ಡಾಕ್ಟರಾದರೂ ಹೇಳುತ್ತಾರೆ. ಹುಡುಗಿಗೆ ಬೇಡ ಅನಿಸಿದರೆ ಮಾತ್ರ ಬೇಡ. ತೀರ್ಮಾನ ಅವಳದ್ದು.

ನಮ್ಮ ಸರ್ಕಾರವೇ, ಹುಡುಗಿಯರಿಗೆ ಪ್ಯಾಡ್ ಕೊಡುವ ಶುಚಿ ಯೋಜನೆಯಲ್ಲಿ, ಕಪ್ ಕೊಟ್ಟು ನೋಡಿದೆ. 2023ರಲ್ಲಿ ದಕ್ಷಿಣ ಕನ್ನಡ, ಚಾಮರಾಜನಗರ ಜಿಲ್ಲೆಗಳಲ್ಲಿ 'ಮೈತ್ರಿ' ಹೆಸರಿನಲ್ಲಿ ಶುರುವಾಯಿತು. ನಮ್ಮ ಜಿಲ್ಲೆಯ ಪಿಯು ಕಾಲೇಜು ಹುಡುಗಿಯರಿಗೂ, ಹೇಳಿಕೊಡುವವರ ಸಮೇತ, ಕೊಡಬೇಕು ಅಂತ ನನ್ನ ಆಸೆ. ಬರೀ ಡಬ್ಬಿ ಕೈಗೆ ಕೊಟ್ಟರೆ ಅದು ಬೀರುವಿನಲ್ಲೇ ಉಳಿಯುತ್ತದೆ. ನನ್ನ ಮಗಳಿಗೆ ಹದಿಮೂರು. ಅವಳು ಈಗ ಬಟ್ಟೆ ಪ್ಯಾಡ್ ಬಳಸುತ್ತಾಳೆ, ಕಪ್ ಬಗ್ಗೆ ಎಲ್ಲ ಗೊತ್ತು, ಬೇಕಾದಾಗ ಕೇಳುತ್ತಾಳೆ.

ಫ್ಯಾಕ್ಟರಿಗೆ ಹೋಗುತ್ತೇನೆ. ಅಲ್ಲಿ ಕಪ್ ಹೇಗೆ ತೊಳೆಯಲಿ?

ತೊಳೆಯುವುದೇ ಬೇಡ. ನರಸಾಪುರ, ವೇಮಗಲ್, ಮಾಲೂರು ಕಡೆ ಕೆಲಸಕ್ಕೆ ಹೋಗುವವರು ಇದನ್ನು ಕೇಳೇ ಕೇಳುತ್ತಾರೆ. ನಾನು ಮೊದಲು ಕೆಲಸ ಮಾಡುತ್ತಿದ್ದ ಒಂದು ಕಡೆ ಲೇಡೀಸ್ ಟಾಯ್ಲೆಟ್ಟಿನಲ್ಲಿ ಡಬ್ಬಿಯೇ ಇರಲಿಲ್ಲ. ಬಳಸಿದ ಪ್ಯಾಡನ್ನು ಪೇಪರಿನಲ್ಲಿ ಸುತ್ತಿ, ಕವರಿಗೆ ಹಾಕಿ, ಊಟದ ಬ್ಯಾಗಿನಲ್ಲೇ ಇಟ್ಟುಕೊಂಡು ಸಂಜೆ ಮನೆಗೆ ತರುತ್ತಿದ್ದೆ. ಒಂದೇ ಬ್ಯಾಗಲ್ಲಿ ಮೊಸರನ್ನದ ಡಬ್ಬಿ, ಪಕ್ಕದಲ್ಲಿ ಅದು. ಎಷ್ಟೋ ಜನ ಈಗಲೂ ಹೀಗೇ ತರುತ್ತಿದ್ದಾರೆ.

ಬೆಳಿಗ್ಗೆ ಐದೂವರೆಗೆ ಕಪ್ ಹಾಕಿ ಹೊರಟರೆ ಮಧ್ಯಾಹ್ನ ಎರಡರವರೆಗೆ ಚಿಂತೆ ಇಲ್ಲ. ಜಾಸ್ತಿ ಹೋಗುವ ದಿನ ಮಧ್ಯೆ ತೆಗೆಯಲೇಬೇಕಾದರೆ ಅರ್ಧ ಲೀಟರ್ ಬಾಟಲಿಯಲ್ಲಿ ಕುಡಿಯುವ ನೀರು ಒಳಗೆ ತಗೊಂಡು ಹೋಗಿ. ಮೊದಲು ಹೊರಗೇ ಕೈ ಸೋಪಿನಲ್ಲಿ ತೊಳೆದುಕೊಳ್ಳಿ. ಸುರಿದು, ಬಾಟಲಿ ನೀರಲ್ಲಿ ತೊಳೆದು, ಮತ್ತೆ ಹಾಕಿ. ಸೋಪಿನಲ್ಲಿ ತೊಳೆಯುವುದು ಮನೆಗೆ ಬಂದಮೇಲೆ ಆಗುತ್ತದೆ. ವಾಸನೆ ಇಲ್ಲದ, ಸಾದಾ ಸೋಪು. ಡೆಟ್ಟಾಲ್ ಬೇಡ.

ಕುದಿಸಿದ ಮೇಲೆ ಕಪ್ ಮೇಲೆ ಬಿಳಿ ಪುಡಿ ಕೂರುತ್ತದೆ. ಹಾಳಾಯಿತಾ?

ಇಲ್ಲ, ಅದು ನಮ್ಮ ಬೋರ್ ನೀರಿನ ಗುಣ. ಗೀಸರ್ ಕಾಯಿಲಿನ ಮೇಲೆ, ಸ್ಟೀಲ್ ಬಿಂದಿಗೆಯ ಒಳಗೆ ಕೂರುವುದೂ ಅದೇ. ಗಡಸು ನೀರಿನ ಸುಣ್ಣ. ನನ್ನ ಕಪ್ ಮೊದಲ ಸಲ ಕುದಿಸಿ ತೆಗೆದಾಗ ತಿಳಿ ಗುಲಾಬಿ ಬಣ್ಣ ಇದ್ದದ್ದು ವಿಭೂತಿ ಬಳಿದ ಹಾಗಾಗಿತ್ತು. ಬೆರಳಿಗೆ ತರಿತರಿ. ವಿನಿಗರ್ ಅರ್ಧ, ನೀರು ಅರ್ಧ ಹಾಕಿ ಹದಿನೈದು ನಿಮಿಷ ನೆನೆಸಿ ಉಜ್ಜಿದರೆ ಹೋಗುತ್ತದೆ. ಆಮೇಲೆ ಚೆನ್ನಾಗಿ ತೊಳೆದು ಇನ್ನೊಮ್ಮೆ ಕುದಿಸಿ. ಈಗ ನಾನು ಫಿಲ್ಟರ್ ನೀರಲ್ಲೇ ಕುದಿಸುತ್ತೇನೆ. ಊರಿನ ಶುದ್ಧ ನೀರಿನ ಘಟಕದಲ್ಲಿ ಕಾಯಿನ್ ಹಾಕಿ ಕ್ಯಾನ್ ತುಂಬಿಸಿ ತರುತ್ತೀರಲ್ಲ, ಅದೇ ನೀರು. ಬಿಳಿ ಕೂರುವುದು ನಿಂತುಹೋಯಿತು.

ಪ್ರತಿ ತಿಂಗಳು ಮುಟ್ಟಿನ ಶುರುವಿನಲ್ಲೊಮ್ಮೆ, ಮುಗಿದ ಮೇಲೊಮ್ಮೆ, ಐದು ನಿಮಿಷ ಕುದಿಸಿ. ಕಪ್ ಪಾತ್ರೆ ತಳಕ್ಕೆ ಅಂಟಿದರೆ ಸುಟ್ಟುಹೋಗುತ್ತದೆ. ಹಳೇ ಸ್ಟೀಲ್ ಟೀ ಸೋಸುವ ಜರಡಿಯೊಳಗೆ ಕಪ್ ಇಟ್ಟು ಮುಳುಗಿಸಿ. ಇದಕ್ಕಂತ ಒಂದು ಸಣ್ಣ ಪಾತ್ರೆ ಬೇರೆ ಇಟ್ಟುಕೊಂಡರೆ ಮನೆಯಲ್ಲಿ ಮಾತು ಬರಲ್ಲ. ಒಣಗಿದ ಮೇಲೆ ಗಾಳಿ ಆಡುವ ಬಟ್ಟೆ ಚೀಲದಲ್ಲಿಡಿ, ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಬೇಡ.

ಯಾರು ಕಪ್ ಬಳಸಬಾರದು?

ಕಾಪರ್ ಟಿ ಹಾಕಿಸಿಕೊಂಡವರು ಮೊದಲು ಡಾಕ್ಟರನ್ನು ಕೇಳಿ. ಬುಡ ಹಿಸುಕಿ ಅಂಟು ಬಿಡಿಸದೆ ಕಪ್ ಎಳೆದರೆ ಕಾಪರ್ ಟಿ ಜಾರಿ ಹೊರಗೆ ಬರುವ ಸಾಧ್ಯತೆ ಇದೆ. ಹೆರಿಗೆಯಾದ ಮೇಲಿನ ರಕ್ತಸ್ರಾವಕ್ಕೆ, ಅಬಾರ್ಷನ್ ಆದ ಮೇಲೆ, ಡಾಕ್ಟರ್ ಸರಿ ಅನ್ನುವವರೆಗೆ ಬೇಡ. ಗರ್ಭಕೋಶ ಕೆಳಗೆ ಜಾರಿರುವವರು, ಈಗಾಗಲೇ ಉರಿ, ವಾಸನೆ, ಸೋಂಕು ಇರುವವರು ಮೊದಲು ಅದಕ್ಕೆ ಚಿಕಿತ್ಸೆ ತಗೊಳ್ಳಿ. ಒಂದೇ ಕಪ್ಪನ್ನು ಅಕ್ಕ ತಂಗಿ ಹಂಚಿಕೊಳ್ಳುವುದು ಬೇಡವೇ ಬೇಡ.

ಬ್ಯಾಕ್ಟೀರಿಯಾದ ವಿಷ ರಕ್ತಕ್ಕೆ ಸೇರಿ ಬರುವ ಟಾಕ್ಸಿಕ್ ಶಾಕ್ ಅನ್ನುವ ಕಾಯಿಲೆ ಬಗ್ಗೆ ಕೇಳಿರುತ್ತೀರಿ. ಕಪ್ಪಿನಿಂದ ಅದು ತೀರಾ ಅಪರೂಪ, ಆದರೆ ಇಲ್ಲವೇ ಇಲ್ಲ ಅನ್ನಲಾಗದು. ಕಪ್ ಇರುವಾಗ ಇದ್ದಕ್ಕಿದ್ದ ಹಾಗೆ ಜೋರು ಜ್ವರ, ವಾಂತಿ, ತಲೆ ಸುತ್ತು, ಮೈಮೇಲೆ ಕೆಂಪು ಗಂಧೆ ಬಂದರೆ ಕಪ್ ತೆಗೆದು ತಕ್ಷಣ ಆಸ್ಪತ್ರೆಗೆ ಹೋಗಿ, ಕಪ್ ಬಳಸುತ್ತಿದ್ದೆ ಅಂತ ಹೇಳಿ.

ಇನ್ನೊಂದು ವಿಷಯ. ಕೆಲವು ಕಪ್ಪಿನ ಮೇಲೆ ಮಿಲಿ ಗೆರೆ ಇರುತ್ತದೆ. ಐದಾರು ದಿನದ್ದು ಕೂಡಿ 80 ಮಿಲಿ ದಾಟುತ್ತಿದ್ದರೆ ಅದು ಜಾಸ್ತಿಯೇ, ಮೈಯಲ್ಲಿ ರಕ್ತ ಕಡಿಮೆಯಾಗಬಹುದು. ದೇಶದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 57 ಜನಕ್ಕೆ ರಕ್ತಹೀನತೆ ಇತ್ತು ಅಂತ ಮೇಲೆ ಹೇಳಿದ 2019-21ರ ಸಮೀಕ್ಷೆಯೇ ಹೇಳುತ್ತದೆ. ನಮ್ಮ ನಾದಿನಿ ವರ್ಷಗಟ್ಟಲೆ ಸುಸ್ತು ಸುಸ್ತು ಅನ್ನುತ್ತಿದ್ದಳು. ಕಪ್ ಶುರು ಮಾಡಿದ ಮೇಲೆ ಲೆಕ್ಕ ಬರೆದುಕೊಂಡು ಡಾಕ್ಟರಿಗೆ ತೋರಿಸಿದಳು. "ಜಾಸ್ತಿ ಹೋಗುತ್ತೆ" ಅಂತ ಬಾಯಲ್ಲಿ ಹೇಳುವುದಕ್ಕೂ ಚೀಟಿಯಲ್ಲಿ ಅಂಕಿ ತೋರಿಸುವುದಕ್ಕೂ ಬಹಳ ವ್ಯತ್ಯಾಸ ಇದೆ. ಈಗ ಅವಳಿಗೆ ಕಬ್ಬಿಣದ ಮಾತ್ರೆ ಕೊಟ್ಟಿದ್ದಾರೆ, ಮೆಟ್ಟಿಲು ಹತ್ತಿದರೆ ಏದುಸಿರು ಬರುವುದು ಕಡಿಮೆಯಾಗಿದೆ.

ಅತ್ತೆ ಒಪ್ಪಲ್ಲ. ಏನು ಮಾಡಲಿ?

ಕಪ್ ವಿಷಯ ಅವರಿಗೆ ಹೇಳಲೇಬೇಕು ಅಂತೇನಿಲ್ಲ. ಬಟ್ಟೆ ಪ್ಯಾಡ್ ಆದರೆ ಅವರೇ ನಿಮಗಿಂತ ಚೆನ್ನಾಗಿ ಬಲ್ಲರು, ಕೇಳಿ ನೋಡಿ. ನಮ್ಮತ್ತೆ ಮೊದಲು ಮುಖ ಸಿಂಡರಿಸಿದರು. ಆಮೇಲೆ ಅವರೇ ಹಳೇ ಹತ್ತಿ ಪಂಚೆ ಕತ್ತರಿಸಿ, ಪದರ ಪದರ ಇಟ್ಟು, ಮಿಷನ್ನಿನಲ್ಲಿ ಹೊಲಿದು ಮಗಳಿಗೆ ನಾಲ್ಕು ಕೊಟ್ಟರು. ಅಂಗಡಿಯದಕ್ಕಿಂತ ಮೆತ್ತಗಿವೆ.

ಕೊಳ್ಳುವಾಗ ಏನು ನೋಡಬೇಕು?

ಮೆಡಿಕಲ್ ಗ್ರೇಡ್ ಸಿಲಿಕೋನ್ ಅಂತ ಇರಬೇಕು. ಕೆಟ್ಟ ಪ್ಲಾಸ್ಟಿಕ್ ವಾಸನೆ ಬರುವ, ಕಂಪನಿ ಹೆಸರೇ ಇಲ್ಲದ, ನೂರು ರೂಪಾಯಿಗೆ ಮೂರು ಥರದ್ದು ಬೇಡ. ಸೈಜ್ ವಿಷಯ ಕಂಪನಿಯಿಂದ ಕಂಪನಿಗೆ ಬೇರೆ. ಸಾಮಾನ್ಯವಾಗಿ ಚಿಕ್ಕ ವಯಸ್ಸಿನವರಿಗೆ ಸಣ್ಣದು, ಹೆರಿಗೆ ಆದವರಿಗೆ ದೊಡ್ಡದು. ಬಳಸಿ ಬೇಡವಾದರೆ ವಾಪಸ್ ಮಾಡಲು ಆಗಲ್ಲ, ಹಾಗಾಗಿ ಅಳತೆ ನೋಡಿಯೇ ತಗೊಳ್ಳಿ. ಕೇಳಲು ಯಾರೂ ಇಲ್ಲದಿದ್ದರೆ ನಿಮ್ಮ ಆಶಾ ಕಾರ್ಯಕರ್ತೆಯನ್ನು ಕೇಳಿ. ಹದಿಹರೆಯದವರಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಸ್ನೇಹಾ ಕ್ಲಿನಿಕ್ ಇರುತ್ತದೆ.

ಮನೆಯಲ್ಲಿ ಇನ್ನೂ ಎರಡು ಪ್ಯಾಕ್ ಪ್ಯಾಡ್ ಉಳಿದಿದೆ. ಎಸೆದುಬಿಡಲಾ?

ಎಸೆಯಬೇಡಿ, ಬಳಸಿ. ಇಲ್ಲವೇ ಯಾರಿಗಾದರೂ ಕೊಡಿ. ನಾನೂ ದೂರದ ಊರಿಗೆ ಹೋಗುವಾಗ ಬ್ಯಾಗಿನಲ್ಲಿ ಎರಡು ಇಟ್ಟಿರುತ್ತೇನೆ. ಬಳಸಿದ್ದನ್ನು ಪೇಪರಿನಲ್ಲಿ ಸುತ್ತಿ, ಮೇಲೆ ಕೆಂಪು ಪೆನ್ನಿನಲ್ಲಿ ದೊಡ್ಡದಾಗಿ ಗುರುತು ಹಾಕಿ, ಒಣಕಸದ ಜೊತೆ ಸೇರಿಸದೆ ಬೇರೆಯಾಗಿ ಕೊಡಿ. ಘನತ್ಯಾಜ್ಯ ನಿಯಮವೂ ಸುತ್ತಿಯೇ ಕೊಡಬೇಕು ಅನ್ನುತ್ತದೆ. ಕಸದ ಗಾಡಿ ಬಂದಾಗ ಒಳಗೆ ಅಡಗಿಸಿ ಹಾಕಬೇಡಿ. "ಅಣ್ಣ, ಇದು ಪ್ಯಾಡ್, ಬಿಚ್ಚಬೇಡಿ" ಅಂತ ಬಾಯಿಬಿಟ್ಟು ಹೇಳಿ ಕೈಗೆ ಕೊಡಿ.